ಅಪ್ಪ ಬಯಸಿದ ಮೇ ತಿಂಗಳ ಚಳಿ

ಊಟಿಗೆ ಹೋಗಬೇಕೆಂದು ನಮ್ಮ ಮನೆಯಲ್ಲಿ ಮೊದಲು ಹೇಳಿದವನು ಅಪ್ಪ. ಮಾರ್ಚಿ ತಿಂಗಳ ಒಂದು ಮಧ್ಯಾಹ್ನ, ಖಾನಾಪುರದ ಮನೆಯಲ್ಲಿ ಊಟ ಮುಗಿಸಿ ತಾಟಿನಲ್ಲೇ ಕೈ ತೊಳೆಯುತ್ತ ಹೇಳಿದ. ಅವ್ವ ನಕ್ಕಳು. ರವಿವಾರವಾದ್ದರಿಂದ ನಾನೂ ಮನೆಯಲ್ಲಿದ್ದೆ, ನಾನೂ ನಕ್ಕೆ. ಅವನು ನಗಲಿಲ್ಲ.

ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಭಟ್ಟಿ ಕೆಲಸ ಮಾಡಿದವನು. ಅವನ ಅಪ್ಪ ಕುರಿ ಕಾಯುತ್ತಿದ್ದ. ನಮ್ಮ ಮನೆತನದಲ್ಲಿ ಮೊದಲು ತಿಂಗಳ ಪಗಾರ ಕಂಡವನು ಇವನೇ. ಭಟ್ಟಿ ಅಂದರೆ ಸುರಂಗದ ಹಾಗೆ ಉದ್ದನೆಯ ಇಟ್ಟಿಗೆ ಕಟ್ಟಡ. ಒಳಗೆ ಹಸಿ ಹಂಚುಗಳನ್ನು ಜೋಡಿಸಿ, ಬಾಗಿಲು ಕಟ್ಟಿ, ಬೆಂಕಿ ಕೊಡುತ್ತಾರೆ. ಅಪ್ಪನ ಜಾಗ ಅದರ ನೆತ್ತಿಯ ಮೇಲೆ. ಕಾಲಡಿಯ ಸಣ್ಣ ಸಣ್ಣ ಕಿಂಡಿಗಳ ಮುಚ್ಚಳ ತೆಗೆದು, ಬಗ್ಗಿ ಉರಿಯ ಬಣ್ಣ ನೋಡಿ, ಸೌದೆ ಇಳಿಬಿಟ್ಟು, ಕೆಳಗಿನವರಿಗೆ ಕೂಗಿ ಹೇಳಬೇಕು. ಉರಿ ಕೆಂಪಗಿದೆಯೋ, ಕಿತ್ತಳೆಗೆ ತಿರುಗಿದೆಯೋ, ಬೆಳ್ಳಗಾಗುತ್ತಿದೆಯೋ ಎಂಬುದನ್ನು ಅವನ ಕಣ್ಣಷ್ಟು ಸರಿಯಾಗಿ ಯಾರೂ ಹೇಳುತ್ತಿರಲಿಲ್ಲವಂತೆ. ಹುಬ್ಬು ಸುಟ್ಟು ಹೋಗಿ ಮತ್ತೆ ಬೆಳೆದಿರಲಿಲ್ಲ. ಮೊಣಕೈ ಕೆಳಗೆ ಒಂದು ಕೂದಲೂ ಇರಲಿಲ್ಲ. ಖಾನಾಪುರದ ಮಳೆಗಾಲದಲ್ಲಿ ಊರೆಲ್ಲ ಕಂಬಳಿ ಹೊದ್ದು ಕೂತರೆ ಅಪ್ಪ ಬನಿಯನ್ನಿನಲ್ಲಿ ಓಡಾಡುತ್ತಿದ್ದ. ಬಿಸಿ ಅವನ ಮೈಯೊಳಗೇ ಮನೆ ಮಾಡಿಕೊಂಡಿದೆ ಎಂದು ನಾವು ತಿಳಿದಿದ್ದೆವು.

ಎಲ್ಲರೂ ಸ್ಲ್ಯಾಬು ಹಾಕಿಸಲು ಶುರು ಮಾಡಿದ ಮೇಲೆ ಹಂಚು ಕೇಳುವವರು ಕಡಿಮೆಯಾದರು. ಹಿಂದಿನ ದೀಪಾವಳಿಗೆ ಕಾರ್ಖಾನೆ ಮುಚ್ಚಿತು. ಅಪ್ಪ ಮನೆಯಲ್ಲಿ ಕೂತ. ಅವನ ಜೊತೆ ಕೂತವನು ಚಾಚಾ. ಅದೇ ಕಾರ್ಖಾನೆಯ ಲಾರಿ ಓಡಿಸುತ್ತಿದ್ದ ಮುಸಲ್ಮಾನ ಗೆಳೆಯ. ನಮ್ಮ ಓಣಿಯ ಕೊನೆಗೇ ಅವನ ಮನೆ. ಒಮ್ಮೆ ತಮಿಳುನಾಡಿನ ಕಡೆ ಲೋಡು ತೆಗೆದುಕೊಂಡು ಹೋದವನು ಅಲ್ಲಿಂದ ಊಟಿ ಹತ್ತಿ ಬಂದಿದ್ದನಂತೆ.

"ಅಲ್ಲಿ ಮೇ ತಿಂಗಳಾಗ ಸ್ವೆಟರ್ ಹಾಕ್ಕೋತಾರ ಭಾಯಿ. ಮುಂಜಾನೆ ಬಾಯಿ ತೆಗದ್ರ ಬೀಡಿ ಸೇದಲಾರದನ ಹೊಗಿ ಬರ್ತೈತಿ. ಅಲ್ಲಾನ ಆಣೆ."

ಈ ಮಾತು ಅಪ್ಪನಿಗೆ ಹತ್ತಿಕೊಂಡಿತು.

"ಚಳಿ ಬೇಕಾದ್ರ ಪುಷ್ಯ ಮಾಸದಾಗ ಹಿತ್ತಲದಾಗ ಮಕ್ಕೋರಿ," ಅಂದಳು ಅವ್ವ. "ಅದಕ್ಯಾಕ ಅಷ್ಟು ದೂರ ಹೋಗೂದು?"

"ಚಳಿಗಾಲದಾಗಿನ ಚಳಿ ಎಲ್ಲಾರಿಗೂ ಸಿಗತೈತಿ," ಅಂದ ಅಪ್ಪ. "ಮೂವತ್ತೊಂದು ಬ್ಯಾಸಗಿ ಭಟ್ಟಿ ಮ್ಯಾಲ ನಿಂತೀನಿ. ಒಂದ ಬ್ಯಾಸಗ್ಯಾಗ ನಡಗಬೇಕು ಅನಸೇತಿ ನನಗ. ಅಷ್ಟ."

ಆಮೇಲೆ ನಾವು ನಗಲಿಲ್ಲ.

ನಾನಾಗ ಬೆಳಗಾವಿಯ ಖಾಸಬಾಗದಲ್ಲಿ ನೇಕಾರರ ಸಂಘವೊಂದರ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ. ಒಬ್ಬಳೇ ಮಗಳು, ಇಪ್ಪತ್ತಾರು ವರ್ಷ. ಮುಂಜಾನೆ ಗಾಡಿಗೆ ಹೋಗಿ ಸಂಜೆ ಗಾಡಿಗೆ ಬರುತ್ತಿದ್ದೆ. ಪ್ರಯಾಣದ ವಿಚಾರ ಎದ್ದ ಮೇಲೆ ಅಪ್ಪ ದಿನಾ ಸಂಜೆ ಖಾನಾಪುರ ಸ್ಟೇಶನ್ನಿನ ಕಲ್ಲು ಬೆಂಚಿನ ಮೇಲೆ ಕಾಯತೊಡಗಿದ. ಗಾಡಿ ಇಳಿಯುತ್ತಲೇ ಆ ದಿನದ ಪ್ರಶ್ನೆ ತಯಾರಿರುತ್ತಿತ್ತು. ಮೈಸೂರಿನಲ್ಲಿ ಸ್ಟೇಶನ್ನಿಗೂ ಬಸ್‌ಸ್ಟ್ಯಾಂಡಿಗೂ ಎಷ್ಟು ದೂರ? ಊಟಿ ಬಸ್ಸು ಕಾಡಿನೊಳಗಿಂದ ಹೋಗುತ್ತದಂತೆ, ಆನೆ ಅಡ್ಡ ಬಂದರೆ ಬಸ್ಸು ಎಷ್ಟು ಹೊತ್ತು ನಿಲ್ಲುತ್ತದೆ? ಅಲ್ಲಿ ರೊಟ್ಟಿ ಸಿಗುತ್ತದೋ ಇಲ್ಲವೋ? ನಾನು ಮರುದಿನ ಕಚೇರಿಯಲ್ಲಿ ಊಟಿಗೆ ಹೋಗಿ ಬಂದವರನ್ನು ಹಿಡಿದು ಕೇಳಿ, ಸಂಜೆ ಉತ್ತರ ತಂದು ಒಪ್ಪಿಸಬೇಕು. ಮನೆಗೆ ನಡೆಯುವ ದಾರಿಯುದ್ದಕ್ಕೂ ಅದೇ ಮಾತು.

ನನ್ನ ಸಾಲಿಯ ಹಳೆಯ ಅಟ್ಲಾಸನ್ನು ಅವನು ಪೆಟ್ಟಿಗೆಯಿಂದ ಹುಡುಕಿ ತೆಗೆದ. ಅದರಲ್ಲಿ ಊಟಿ ಎಂಬ ಹೆಸರೇ ಇರಲಿಲ್ಲ. ಉದಗಮಂಡಲ ಎಂದಿತ್ತು. ಅದು ಬೇರೆ ಊರೆಂದು ಚಾಚಾ ಪಟ್ಟು ಹಿಡಿದ. "ನಾ ಕಣ್ಣಾರೆ ನೋಡೀನಿ, ಬೋರ್ಡಿನ್ಯಾಗ ಊಟಿ ಅಂತ ಇತ್ತು," ಎಂದು ಎರಡು ದಿನ ವಾದಿಸಿದ. ಎರಡೂ ಒಂದೇ ಎಂದು ನಾನು ಹೇಳಿದ ಮೇಲೆ ಅಪ್ಪ ಬೆಳಗಾವಿಯಿಂದ ಅಲ್ಲಿಯವರೆಗೆ ಬೆರಳಿಟ್ಟು ಎಳೆದ. ನಕಾಶೆ ಹಳದಿಯಿಂದ ದಟ್ಟ ಕಂದು ಬಣ್ಣಕ್ಕೆ ಏರಿತ್ತು.

"ಈ ಬಣ್ಣ ಏನಂತ?"

"ಎತ್ತರ ಅಪ್ಪಾ. ಎಷ್ಟ ಕಂದ ಐತಿ, ಅಷ್ಟ ಎತ್ತರ."

"ಅಂದ್ರ ಅಷ್ಟ ತಂಪು," ಅಂದ ಅವನು.

ಏಪ್ರಿಲ್ ಮೊದಲ ವಾರದಲ್ಲಿ ನಾನು ಬೆಳಗಾವಿ ಸ್ಟೇಶನ್ನಿನಲ್ಲಿ ಮೈಸೂರಿಗೆ ಮೂರು ಟಿಕೆಟ್ ರಿಸರ್ವೇಶನ್ ಮಾಡಿಸಿದೆ. ಮೇ ಎರಡನೆಯ ವಾರದ ಗಾಡಿ. ಮೂರೂ ಖಾತ್ರಿ ಸೀಟು. ಅದನ್ನು ಅಪ್ಪನಿಗೆ ತೋರಿಸಿದಾಗ ಮೂರು ಹೆಸರನ್ನೂ ಗಟ್ಟಿಯಾಗಿ ಓದಿದ. ಅವ್ವನ ಹೆಸರನ್ನು ಅವನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅವ್ವ ನಾಚಿ ಒಳಗೆ ಹೋದಳು.

ಆ ಶನಿವಾರ ಅಪ್ಪನೂ ಅವ್ವನೂ ಬೆಳಗಾವಿಗೆ ಬಂದರು. ಕಚೇರಿ ಅರ್ಧ ದಿನ. ಮೂವರೂ ಕೂಡಿ ರವಿವಾರ ಪೇಟೆ ಎಂಬ ಬಜಾರಿಗೆ ಸ್ವೆಟರ್ ಕೊಳ್ಳಲು ಹೋದೆವು. ಉಣ್ಣೆ ಬಟ್ಟೆಯ ಹೋಲ್‌ಸೇಲ್ ಅಂಗಡಿಯವನು ನಮ್ಮ ಮಾತು ಕೇಳಿ ಪಂಖೆಯ ಕೆಳಗಿನಿಂದ ಏಳಲೇ ಇಲ್ಲ. "ಕಾಕಾ, ಸ್ವೆಟರ್ ಎಲ್ಲಾ ಮಾಳಿಗಿ ಮ್ಯಾಲ ಕಟ್ಟಿ ಇಟ್ಟೀವ್ರೀ. ದಸರಾ ಆದ ಮ್ಯಾಲ ಬರ್ರಿ," ಅಂದ. ಅಪ್ಪ ಬಿಡಲಿಲ್ಲ. ಊಟಿಗೆ ಹೋಗುವವರು ಎಂದು ಹೇಳಿದ. ಕೊನೆಗೆ ಗಂಟು ಕೆಳಗಿಳಿಯಿತು. ಡಾಂಬರು ಗುಳಿಗೆಯ ವಾಸನೆಯ ಗಂಟು. ಅಪ್ಪ ಒಂದು ಕಂದು ಬಣ್ಣದ ಸ್ವೆಟರನ್ನು ಅಂಗಿಯ ಮೇಲೇ ಹಾಕಿಕೊಂಡು, ಬೆವರು ಇಳಿಯುತ್ತಿದ್ದರೂ ಕನ್ನಡಿ ಮುಂದೆ ಸುಮಾರು ಹೊತ್ತು ನಿಂತ.

ಪೇಟೆಯಿಂದ ಸ್ಟೇಶನ್ನಿಗೆ ನಡೆದು ಹೋಗುವಾಗ ಅವನು ಮೂರು ಕಡೆ ಕೂತ. ಒಮ್ಮೆ ಅಂಗಡಿಯೊಂದರ ಮೆಟ್ಟಿಲ ಮೇಲೆ, ಒಮ್ಮೆ ಗಟಾರದ ದಂಡೆಯ ಕಲ್ಲಿನ ಮೇಲೆ, ಮೂರನೆಯ ಸಲ ರಸ್ತೆಯ ಬದಿಗೆ, ಬರೀ ನೆಲದ ಮೇಲೆ. ಬಾಯಿ ತೆರೆದು ಉಸಿರಾಡುತ್ತಿದ್ದ. ತುಟಿಗಳಿಗೆ ನೇರಳೆ ತಿಂದವರ ಬಣ್ಣ ಬಂದಿತ್ತು. ಕೆಮ್ಮು ಅವನಿಗೆ ವರ್ಷಗಳಿಂದ ಇತ್ತು. ಭಟ್ಟಿ ಕೆಲಸದವರೆಲ್ಲ ಕೆಮ್ಮುತ್ತಿದ್ದರು, ನಾವದನ್ನು ರೋಗವೆಂದು ಎಣಿಸಿರಲಿಲ್ಲ. ಆದರೆ ಆ ಬಣ್ಣವನ್ನು ನಾನು ಮೊದಲು ನೋಡಿರಲಿಲ್ಲ.

"ಬಿಸಲ ಭಾಳ ಐತಿ," ಅಂದ ಅಪ್ಪ. "ಅದಕ್ಕ ಊಟಿಗೆ ಹೋಗೂಣು ಅಂತೀನಿ."

ಮುಂದಿನ ವಾರ ರಜೆ ಹಾಕಿ ಅವನನ್ನು ನೆಹರು ನಗರದ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದೆ. ಎಕ್ಸರೇ ತೆಗೆದರು, ಒಂದು ನಳಿಕೆಯೊಳಗೆ ಊದಿಸಿದರು. ಮೂರು ಸಲ ಊದಿದರೂ ಯಂತ್ರದ ಮುಳ್ಳು ಹೆಚ್ಚು ಏರಲಿಲ್ಲ. ಡಾಕ್ಟರು ನನ್ನಷ್ಟೇ ವಯಸ್ಸಿನ ಹೆಣ್ಣುಮಗಳು. ಅಪ್ಪನನ್ನು ಔಷಧದ ಕಿಟಕಿಗೆ ಕಳಿಸಿ ನನಗೆ ಎಕ್ಸರೇ ತೋರಿಸಿದರು. ಧೂಳು ಮತ್ತು ಹೊಗೆಯಿಂದ ಎರಡೂ ಕಡೆಯ ಶ್ವಾಸಕೋಶ ಬಹಳ ಹಾಳಾಗಿದೆ, ಅದರ ಭಾರ ಹೃದಯದ ಮೇಲೂ ಬಿದ್ದಿದೆ ಎಂದರು. ನಾನು ಊಟಿಯ ಮಾತು ಎತ್ತಿದೆ.

ಅವರು ಪೆನ್ನು ಕೆಳಗಿಟ್ಟರು. "ಅಷ್ಟು ಎತ್ತರಕ್ಕ ಬ್ಯಾಡ್ರಿ. ತಂಪು ಒಂದ ಅಲ್ಲ, ಅಲ್ಲಿ ಗಾಳಿ ತೆಳು ಇರ್ತದ. ಇವರಿಗೆ ಇಲ್ಲಿನ ಗಾಳಿನ ಸಾಲೂದಿಲ್ಲ. ಅಲ್ಲಿ ಏನರ ಆದ್ರ ಕೆಳಗ ಇಳಿಸೂದ್ರೊಳಗ ತಡ ಆಗ್ತದ." ಆಮೇಲೆ ಕೇಳಿದರು, "ನೀವು ಹೇಳ್ತೀರೋ, ನಾನ ಹೇಳ್ಲೋ?"

"ನಾ ಹೇಳ್ತೀನ್ರೀ," ಅಂದೆ.

ಹೇಳಲಿಲ್ಲ. ಅಪ್ಪ ಔಷಧದ ಚೀಟಿ ಹಿಡಿದು ವರಾಂಡದಲ್ಲಿ ನಿಂತಿದ್ದ. ನನ್ನನ್ನು ಕಂಡ ಕೂಡಲೇ, "ಈ ಗುಳಿಗಿ ಊಟಿಗೆ ಹೋಗೂತನಕ ಸಾಕಾಗ್ತಾವಂತ. ಮುಂದಿನೂ ಈಗ ತಗೊಂಡ ಬಿಡೂಣು?" ಎಂದು ಕೇಳಿದ. ಹೂಂ ಅಂದೆ. ಮುಂದಿನ ಇಪ್ಪತ್ತು ದಿನದ ಸುಳ್ಳುಗಳೆಲ್ಲ ಆ ಒಂದು ಹೂಂನಿಂದ ಹುಟ್ಟಿದವು.

ಎರಡು ದಿನದ ಮೇಲೆ ಸ್ಟೇಶನ್ನಿಗೆ ಹೋಗಿ ಮೂರೂ ಟಿಕೆಟ್ ರದ್ದು ಮಾಡಿಸಿದೆ. ಫಾರ್ಮಿನಲ್ಲಿ ಕಾರಣ ಕೇಳಿರಲಿಲ್ಲ. ಕೇಳಿದ್ದರೆ ಏನು ಬರೆಯುತ್ತಿದ್ದೆನೋ. ಸಂಜೆ ಗಾಡಿ ಇಳಿದು ಅಪ್ಪನಿಗೆ ಹೇಳಿದೆ: "ಆ ದಿವಸ ಆಫೀಸಿನ್ಯಾಗ ತಪಾಸಣಿ ಐತಂತ ಅಪ್ಪಾ. ಸೂಟಿ ಕೊಡೂದಿಲ್ಲಂದ್ರು. ಟಿಕೆಟ್ ವಾಪಸ್ ಮಾಡಿದೆ."

ಅವನು ಮುಂದೆ ನಡೆದ. ಓಣಿಯ ತಿರುವಿಗೆ ಬಂದಾಗ, "ಮುಂದಿನ ವಾರ?" ಅಂದ.

ಮುಂದಿನ ವಾರದ ಗಾಡಿ ಪೂರ್ತಿ ತುಂಬಿದೆ ಎಂದೆ. ಹಾಗಾದರೆ ಬಸ್ಸಿಗೆ ಹೋಗೋಣವೆಂದು ಅವನೇ ಬಸ್‌ಸ್ಟ್ಯಾಂಡಿನಲ್ಲಿ ವಿಚಾರಿಸಿ ಬಂದ. ಹುಬ್ಬಳ್ಳಿ, ಅಲ್ಲಿಂದ ಮೈಸೂರು, ಅಲ್ಲಿಂದ ಊಟಿ. ಬಸ್ಸಿನಲ್ಲಿ ಅವ್ವನಿಗೆ ವಾಂತಿ ಆಗುತ್ತದೆ ಎಂದೆ. ಅವ್ವನಿಗೆ ಕಿಟಕಿ ಬದಿ ಸೀಟು, ನಿಂಬೆಹಣ್ಣು, ನಡುವೆ ಮೈಸೂರಿನಲ್ಲಿ ಒಂದು ದಿನ ವಿಶ್ರಾಂತಿ ಎಂದು ಅವನು ದಾರಿಯನ್ನೇ ಹೊಸದಾಗಿ ಕಟ್ಟಿದ. ಊಟಿಯಲ್ಲಿ ಸೀಜನ್ನು, ಲಾಡ್ಜು ಸಿಗುವುದಿಲ್ಲ ಎಂದೆ. ಚಾಚಾನಿಗೆ ಗೊತ್ತಿದ್ದ ಒಂದು ಮುಸಾಫಿರಖಾನೆಗೆ ಪತ್ರ ಬರೆಸಿದ. ನಾನು ಒಂದು ಬಾಗಿಲು ಮುಚ್ಚಿದರೆ ಅವನು ಮತ್ತೊಂದನ್ನು ಹುಡುಕುತ್ತಿದ್ದ. ಪ್ರತಿ ಸಲವೂ ಅವನ ಯೋಜನೆ ಹಿಂದಿನದಕ್ಕಿಂತ ಚಂದ ಇರುತ್ತಿತ್ತು. ಸಂಜೆ ಗಾಡಿ ಖಾನಾಪುರ ಮುಟ್ಟುವ ಹೊತ್ತಿಗೆ ಕಿಟಕಿಯಿಂದ ಬೆಂಚಿನ ಮೇಲಿನ ಆ ಆಕೃತಿ ಕಾಣದಿರಲಿ ಎಂದು ಬೇಡಿಕೊಂಡದ್ದೂ ಉಂಟು.

ಅವ್ವನಿಗೂ ನಾನು ಹೇಳಿರಲಿಲ್ಲ. ಹೇಳಿದರೆ ಅಳುತ್ತಾಳೆ, ಅತ್ತರೆ ಅಪ್ಪನಿಗೆ ತಿಳಿಯುತ್ತದೆ ಎಂದು ನೆಪ ಮಾಡಿಕೊಂಡೆ. ಹೇಳುವ ಧೈರ್ಯವಿರಲಿಲ್ಲ ಎಂಬುದು ಖರೆ ಮಾತು.

ಮೇ ತಿಂಗಳ ಮೊದಲ ವಾರ, ಮಧ್ಯಾಹ್ನ ಎರಡರ ಸುಮಾರಿಗೆ ಕಚೇರಿಯಲ್ಲಿ ಟೈಪು ಮಾಡುತ್ತಿದ್ದೆ. ಬಾಗಿಲಲ್ಲಿ ಯಾರೋ ನಿಂತ ಹಾಗಾಯಿತು. ಅಪ್ಪ. ನಮ್ಮ ಕಚೇರಿ ಎರಡನೆಯ ಮಹಡಿಯಲ್ಲಿತ್ತು. ಅವನು ಒಂದು ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದಿದ್ದ, ಇನ್ನೊಂದರಲ್ಲಿ ರಿಸರ್ವೇಶನ್ ಫಾರ್ಮು. ಮಾತಾಡಲು ಬಾಯಿ ತೆರೆಯುತ್ತಿದ್ದ, ಸ್ವರ ಬರುತ್ತಿರಲಿಲ್ಲ. ಅವನ ಹಿಂದೆ ಚಾಚಾ, ನೆತ್ತಿಯ ಮೇಲೆ ಕರವಸ್ತ್ರ ಹಾಕಿಕೊಂಡು. ಎಲ್ಲರೂ ಕೆಲಸ ನಿಲ್ಲಿಸಿ ನೋಡತೊಡಗಿದರು.

ನಾನು ಓಡಿ ಹೋಗಿ ಅವನನ್ನು ಮೆಟ್ಟಿಲ ತಿರುವಿನಲ್ಲಿ ಕೂರಿಸಿದೆ. ಚಾಚಾ ನೀರು ತರಲು ಕೆಳಗೆ ಹೋದ. ಬಹಳ ಹೊತ್ತಿನ ಮೇಲೆ ಅಪ್ಪನಿಗೆ ಮಾತು ಬಂತು.

"ಸೀಟು ಅದಾವಂತ ಯವ್ವಾ. ಇದ ತಿಂಗಳ ಕಡೀ ವಾರ ಬೇಕಾದಷ್ಟು ಅದಾವಂತ. ನಿನ್ನ ಕೇಳಿ ತಗಸೂಣು ಅಂತ ಬಂದೆ. ಯಾವ ದಿನ ಬರೀಲಿ?"

ಅವನಿಗೆ ಇನ್ನೂ ಅನುಮಾನ ಬಂದಿರಲಿಲ್ಲ. ಸೀಟು ಇಲ್ಲವೆಂದು ನನಗೆ ಯಾರೋ ತಪ್ಪು ಹೇಳಿದ್ದಾರೆ, ತಾನು ಅದನ್ನು ಸರಿಮಾಡಿಕೊಂಡು ಬಂದಿದ್ದೇನೆ ಎಂದುಕೊಂಡಿದ್ದ. ಫಾರ್ಮಿನಲ್ಲಿ ನಮ್ಮ ಮೂವರ ಹೆಸರು ತನ್ನ ಕೈಯಿಂದಲೇ ಬರೆದಿದ್ದ, ಒಂದೊಂದು ಅಕ್ಷರ ಬಿಡಿ ಬಿಡಿಯಾಗಿ.

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳಿದೆ. ಎಕ್ಸರೇ, ಎತ್ತರ, ತೆಳು ಗಾಳಿ, ಟಿಕೆಟ್ ರದ್ದು ಮಾಡಿದ್ದು, ತಪಾಸಣೆಯ ಸುಳ್ಳು, ಎಲ್ಲ.

ಅವನು ಫಾರ್ಮನ್ನು ಮಡಚಿದ. ಮತ್ತೆ ಮಡಚಿದ.

"ಎಷ್ಟ ದಿನಾತು ನಿನಗ ಗೊತ್ತಾಗಿ?"

"ಇಪ್ಪತ್ತು ದಿನ."

"ಇಪ್ಪತ್ತ ದಿನ ನಾ ಹುಚ್ಚನಂಗ ಬಸ್‌ಸ್ಟ್ಯಾಂಡಿಗೆ ಅಡ್ಡಾಡಿದೆ." ದನಿ ಏರಿಸಲು ಅವನಲ್ಲಿ ಉಸಿರಿರಲಿಲ್ಲ. ಮೆಲ್ಲಗೇ ಹೇಳಿದ. "ನಾ ಮ್ಯಾಲ ನಿಂತು ಉರಿ ನೋಡಿ ಹೇಳಾಂವ. ಇದ್ದದ್ದನ್ನ ಇದ್ದಂಗ ಹೇಳಬೇಕು. ಕೆಳಗಿನ ಮಂದಿಗೆ ಬ್ಯಾಸರ ಆಕ್ಕೈತಿ ಅಂತ ನಾ ಒಂದಿನ ಸುಳ್ಳ ಹೇಳಿದ್ರ ಇಡೀ ಭಟ್ಟಿ ಹಂಚು ಹಾಳಾಗಿ ಹೋಗ್ತಿತ್ತು. ನೀ ನನ್ನ ಮಗಳಾಗಿ..."

ಚಾಚಾ ನೀರು ತಂದ. ಕುಡಿದು, ಗೋಡೆ ಹಿಡಿದು ಇಳಿದು ಹೋದರು ಇಬ್ಬರೂ. ಅವತ್ತು ಸಂಜೆ ಸ್ಟೇಶನ್ನಿನ ಬೆಂಚು ಖಾಲಿ ಇತ್ತು. ಮರುದಿನವೂ, ಅದರ ಮರುದಿನವೂ. ಮನೆಯಲ್ಲಿ ಅಪ್ಪ ನನ್ನೊಡನೆ ಮಾತು ಬಿಡಲಿಲ್ಲ, ಆದರೆ ಕೇಳಿದ್ದಕ್ಕೆ ಉತ್ತರ ಅಷ್ಟೇ. ಅವ್ವನಿಗೆ ಎಲ್ಲವನ್ನೂ ಅವನೇ ಹೇಳಿದ್ದ. ಅವ್ವ ನನ್ನ ಹತ್ತಿರ ಬಂದು ಒಂದೇ ಮಾತು ಅಂದಳು: "ನನಗರ ಹೇಳಬೇಕಿತ್ತು." ಅವಳು ಅಳಲಿಲ್ಲ. ನಾನು ಅವಳನ್ನೂ ತಪ್ಪು ತಿಳಿದಿದ್ದೆ.

ನಾಲ್ಕನೆಯ ದಿನ ಮುಂಜಾನೆ ನಾನು ಹೊರಡುವಾಗ ಅಪ್ಪ ಅಂಗಿ ಹಾಕಿಕೊಂಡು ನಿಂತಿದ್ದ. "ನೆಹರು ನಗರಕ್ಕ ಹೋಗೂಣು. ಈ ಸಲ ನಾ ಒಳಗ ಕುಂದರತೀನಿ."

ಡಾಕ್ಟರ ಮುಂದೆ ಅವನು ಕುರ್ಚಿಯ ತುದಿಗೆ ಕೂತ. "ಡಾಕ್ಟರ್ ಬಾಯಾರ, ನನಗ ಇಷ್ಟ ಹೇಳ್ರಿ. ಇದು ವಾಸಿ ಆಗ್ತೈತೇನು?"

"ಇಲ್ರೀ," ಅಂದರು ಅವರು. "ಹೆಚ್ಚಾಗದಂಗ ನೋಡ್ಕೋಬಹುದು. ಔಷಧ ತಪ್ಪಸಬಾರ್ದು. ಹೊಗಿ, ಧೂಳಿನ ಹತ್ರ ಹೋಗಬಾರ್ದು."

"ಊಟಿ?"

"ಬ್ಯಾಡ್ರಿ."

"ಒಂದ ದಿನದ ಮಟ್ಟಿಗೆ?"

"ಒಂದ ದಿನಾನೂ ಬ್ಯಾಡ. ನಾ ನಿಮ್ಮನ್ನ ಸುಮ್ಮ ಹೆದರಸಾಕ ಹೇಳಾಕತ್ತಿಲ್ಲ."

ಅಪ್ಪ ತಲೆ ಆಡಿಸಿದ. ಹೊರಗೆ ಬಂದು ವರಾಂಡದ ಕಟ್ಟೆಯ ಮೇಲೆ ಕೂತ. ನನಗೆ ಅಳು ತಡೆಯಲಾಗಲಿಲ್ಲ. ಅವನು ನನ್ನ ಕಡೆ ನೋಡದೇ ಹೇಳಿದ, "ಆ ಹುಡಿಗಿ ಚಲೋ ಡಾಕ್ಟರ. ಮುಖ ನೋಡಿ ಹೇಳತಾಳ." ಆಮೇಲೆ, "ನೀನೂ ಇನ್ನ ಮ್ಯಾಲ ಹಂಗ ಹೇಳು. ಅಷ್ಟ ಸಾಕು," ಅಂದ. ಅದು ಕ್ಷಮಿಸಿದ ಮಾತೋ ಅಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮನೆಗೆ ಬಂದ ಮೇಲೆ ಅವನು ಮತ್ತೊಂದು ವಿಚಾರ ತೆಗೆದ. ನಾನೂ ಅವ್ವನೂ ಊಟಿಗೆ ಹೋಗಬೇಕು.

"ನೀವು ಇಲ್ಲದ ನಾ ಎಲ್ಲಿಗೆ ಹೋಗ್ಲಿ?" ಅವ್ವ ಸಿಟ್ಟಾದಳು. "ನನಗ ಯಾಕ ಬೇಕ ಆ ಚಳಿ? ನಿಮಗ ಬೇಕಾಗಿತ್ತು."

"ನನಗ ಹೋಗಾಕ ಆಗೂದಿಲ್ಲ. ಅಲ್ಲಿ ಹೆಂಗ ಇರತೈತಿ ಅಂತರ ಗೊತ್ತಾಗಬೇಕಲ್ಲ. ಚಾಚಾ ಹೇಳಿದ್ದು ಹದಿನೈದು ವರಸದ ಹಿಂದಿನ ಮಾತು. ಅವನ ಮಾತ ನಾ ನಂಬೂದಿಲ್ಲ."

"ಭಾಭೀ, ಇವಂಗ ನಾ ಇರ್ತೀನಿ," ಅಂದ ಹೊಸ್ತಿಲಲ್ಲಿ ಕೂತಿದ್ದ ಚಾಚಾ. "ಮೂರೂ ಹೊತ್ತು ನಮ್ಮ ಮನಿಯಿಂದ ಊಟ ಬರ್ತೈತಿ. ಗುಳಿಗಿ ನಾ ನುಂಗಸ್ತೀನಿ. ನೀವು ಹೋಗಿ ಬರ್ರಿ."

ಅವ್ವ ನಾಲ್ಕು ದಿನ ಒಪ್ಪಲಿಲ್ಲ. ತವರೂರು, ಸವದತ್ತಿ ಗುಡ್ಡ, ಬೆಳಗಾವಿ ಬಿಟ್ಟರೆ ಅವಳು ಬೇರೆ ಊರು ನೋಡಿದವಳಲ್ಲ. ಐದನೆಯ ದಿನ ಅಕ್ಕಿ ಆರಿಸುತ್ತ, ತಲೆ ಎತ್ತದೇ, "ಯಾವತ್ತಿನ ಗಾಡಿ?" ಎಂದು ಕೇಳಿದಳು. ಅವಳ ಮನಸ್ಸು ಯಾಕೆ ತಿರುಗಿತೆಂದು ನಾನು ಕೇಳಲಿಲ್ಲ. ಅಪ್ಪ ಆ ಮಧ್ಯಾಹ್ನ ಮತ್ತೆ ಅಟ್ಲಾಸ್ ಬಿಚ್ಚಿ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡ. ಎಲ್ಲಿ ಇಳಿಯಬೇಕು, ಎಲ್ಲಿ ಹತ್ತಬೇಕು, ಬಸ್ಸಿನಲ್ಲಿ ಯಾವ ಕಡೆ ಕೂತರೆ ಕಣಿವೆ ಕಾಣುತ್ತದೆ ಎಂಬುದನ್ನೆಲ್ಲ ಕಲಿಸಿದ. ಅವಳು ಸಾಲಿ ಹುಡುಗಿಯ ಹಾಗೆ ತಿರುಗಿ ಒಪ್ಪಿಸಿದಳು.

ಮೇ ಕಡೆಯ ವಾರ ನಾವಿಬ್ಬರೂ ಹೊರಟೆವು. ಅಪ್ಪ ಹಾಕಿಕೊಟ್ಟ ದಾರಿಯಲ್ಲಿ ಎಲ್ಲಿಯೂ ಒಂದು ತಪ್ಪಿರಲಿಲ್ಲ. ಮೈಸೂರಿನಲ್ಲಿ ಸ್ಟೇಶನ್ನಿನಿಂದ ಬಸ್‌ಸ್ಟ್ಯಾಂಡಿಗೆ ಅವನು ಹೇಳಿದಷ್ಟೇ ಹೊತ್ತು ಹಿಡಿಯಿತು. ಕಾಡು ದಾಟಿ ಘಟ್ಟ ಏರುವಾಗ ಅವ್ವನಿಗೆ ಎರಡು ಸಲ ವಾಂತಿಯಾಯಿತು. ಆಮೇಲೆ ಕಿಟಕಿಯಿಂದ ಬಂದ ಗಾಳಿಗೆ ಚೇತರಿಸಿಕೊಂಡು ಕೂತಳು. ಒಂದೊಂದು ತಿರುವಿಗೂ ನನಗೆ ಅಪ್ಪನ ತುಟಿಯ ಬಣ್ಣ ನೆನಪಾಗುತ್ತಿತ್ತು. ಅವನು ಈ ಬಸ್ಸಿನಲ್ಲಿ ಇದ್ದಿದ್ದರೆ ಎಲ್ಲಿಯವರೆಗೆ ತಡೆಯುತ್ತಿದ್ದ ಎಂದು ಲೆಕ್ಕ ಹಾಕುತ್ತ ಕೂತಿದ್ದೆ. ಆ ಯೋಚನೆ ಬಿಟ್ಟು ಬೇರೇನನ್ನೂ ನಾನು ಆ ದಾರಿಯಲ್ಲಿ ಸರಿಯಾಗಿ ನೋಡಲಿಲ್ಲ.

ಮರುದಿನ ಮುಂಜಾನೆ ಎದ್ದಾಗ ಅವ್ವ ಪಕ್ಕದಲ್ಲಿರಲಿಲ್ಲ. ಹೊರಗೆ ಬಂದು ನೋಡಿದರೆ ಲಾಡ್ಜಿನ ಮುಂದಿನ ಅಂಗಳದಲ್ಲಿ ನಿಂತಿದ್ದಳು, ಬರಿಗಾಲಲ್ಲಿ. ಸ್ವೆಟರ್ ಹಾಕಿರಲಿಲ್ಲ, ಸೆರಗನ್ನೂ ಹೊದ್ದಿರಲಿಲ್ಲ. ಹಲ್ಲು ಕಟಕಟ ಎನ್ನುತ್ತಿದ್ದವು.

"ಏನ ಮಾಡಾಕತ್ತಿ ಅವ್ವಾ? ಥಂಡಿ ಹತ್ತತೈತಿ, ಒಳಗ ಬಾ."

"ತಡಿ," ಅಂದಳು. "ಸ್ವೆಟರ್ ಹಾಕ್ಕೊಂಡು ನಿಂತ್ರ ಅವರಿಗೆ ಏನಂತ ಹೇಳ್ಲಿ?"

ಹದಿನೈದು ನಿಮಿಷ ಹಾಗೇ ನಿಂತಳು. ಬಾಯಿಂದ ಹೊಗೆ ಬರುತ್ತಿತ್ತು. ಅದನ್ನು ಅವಳು ಕೈಯಿಂದ ಮುಟ್ಟಿ ನೋಡಿದಳು. ಆಮೇಲೆ ಕಲ್ಲನ್ನು, ಹುಲ್ಲನ್ನು, ಬೇಲಿಯ ತಂತಿಯನ್ನು ಮುಟ್ಟಿದಳು. ಒಳಗೆ ಬಂದ ಮೇಲೆ ನಾನು ಅವಳ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕಿದೆ. ಕೊರಡಿನ ಹಾಗೆ ಆಗಿದ್ದವು.

ಸಂಜೆ ಐದಕ್ಕೆ ಖಾನಾಪುರ ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಅಂಗಡಿಯಲ್ಲಿ ಕಾಯುತ್ತೇನೆಂದು ಅಪ್ಪ ಹೇಳಿದ್ದ. ನಾವು ಊಟಿಯ ಬಸ್‌ಸ್ಟ್ಯಾಂಡಿನ ಬೂತಿನಿಂದ ಫೋನು ಮಾಡಿದೆವು. ಮೊದಲ ರಿಂಗಿಗೇ ಚಾಚಾ ಎತ್ತಿ ಅಪ್ಪನಿಗೆ ಕೊಟ್ಟ. ನಾನು ರಿಸೀವರನ್ನು ಅವ್ವನ ಕಿವಿಗೆ ಹಿಡಿದೆ. ಅವರಿಬ್ಬರೂ ಫೋನಿನಲ್ಲಿ ಮಾತಾಡಿದ್ದು ಅದೊಂದೇ ಸಲ. ಅಪ್ಪ ಗಟ್ಟಿಯಾಗಿ ಮಾತಾಡುತ್ತಿದ್ದುದರಿಂದ ನನಗೂ ಕೇಳುತ್ತಿತ್ತು.

"ಖರೇನ ಐತೇನ?"

"ಖರೇ ಐತ್ರಿ. ನಾ ನಡಗಿದೆ. ಮುಂಜಾನಿ ನಿಂತಿದ್ದೆ, ಕಾಲು ಕಲ್ಲ ಆಗಿದ್ವು."

"ಬಿಸಲ ಇತ್ತೋ ಇಲ್ಲೋ?"

"ಬಿಸಲ ಐತ್ರಿ. ಆದ್ರ ಬಿಸಲೂ ತಣ್ಣಗ ಐತಿ."

ಆ ಕಡೆ ಕೆಮ್ಮು ಕೇಳಿಸಿತು. ಆಮೇಲೆ ಅಪ್ಪ ಕೇಳಿದ, "ಉಸಿರ ತಗೊಂಡ್ರ ಎದಿಯೊಳಗ ಹೆಂಗ ಅನಸ್ತೈತಿ?"

ಅವ್ವ ಕಣ್ಣು ಮುಚ್ಚಿ ಉದ್ದಕ್ಕೆ ಉಸಿರು ಎಳೆದುಕೊಂಡು ಬಿಟ್ಟಳು. ಮತ್ತೊಮ್ಮೆ ಎಳೆದುಕೊಂಡಳು. ಬೂತಿನವನು ಮೀಟರು ಓಡುತ್ತಿದೆ ಎಂದು ನನಗೆ ಸನ್ನೆ ಮಾಡಿದ.

"ಹೊಸಾ ಗಡಿಗ್ಯಾಗಿನ ನೀರ ಕುಡದಂಗ," ಅಂದಳು. "ಕೆಳತನಕ ಇಳೀತೈತ್ರಿ."

"ಹೌದಾ," ಅಂದ ಅಪ್ಪ. "ಆತು. ಇಬ್ಬರೂ ಹುಷಾರಾಗಿ ಬರ್ರಿ."

ನಾವು ತಿರುಗಿ ಬಂದ ಮೇಲೆ ಮಳೆ ಹಿಡಿಯಿತು. ಆ ಮಳೆಗಾಲವಿಡೀ ಅಪ್ಪ ಅವ್ವನಿಂದ ಊಟಿಯ ಮಾತು ಕೇಳಿದ. ಅವ್ವ ಹೆಚ್ಚು ಮಾತಿನವಳಲ್ಲ, ಆದರೆ ಕೇಳಿದಷ್ಟಕ್ಕೆ ತಪ್ಪದೇ ಹೇಳುತ್ತಿದ್ದಳು, ನೋಡಿದ್ದಕ್ಕಿಂತ ಒಂದು ಎಳೆ ಹೆಚ್ಚು ಸೇರಿಸುತ್ತಿರಲಿಲ್ಲ. ಹೂವಿನ ತೋಟ ಹೇಗಿತ್ತು ಎಂದರೆ, "ಭಾಳ ಮಂದಿ ಇದ್ರು, ನನಗ ಹೂವ ಸರಿ ಕಾಣಲಿಲ್ಲ," ಎನ್ನುತ್ತಿದ್ದಳು. ಅಪ್ಪನಿಗೆ ಅದೇ ಹಿಡಿಸುತ್ತಿತ್ತು.

ಅವನು ಇನ್ನೂ ಮೂರು ವರ್ಷ ಬದುಕಿದ. ಎರಡು ತಿಂಗಳಿಗೊಮ್ಮೆ ನೆಹರು ನಗರಕ್ಕೆ ಹೋಗುತ್ತಿದ್ದೆವು. ಪ್ರತಿ ರಿಪೋರ್ಟನ್ನೂ ನಾನು ಅವನಿಗೆ ಓದಿ ಹೇಳುತ್ತಿದ್ದೆ. ಕಡಿಮೆಯಾದರೆ ಕಡಿಮೆ, ಹೆಚ್ಚಾದರೆ ಹೆಚ್ಚು. ಮೊದಮೊದಲು ನನ್ನ ನಾಲಿಗೆ ತಡವರಿಸುತ್ತಿತ್ತು. ಅವನು ಕಾಯುತ್ತಿದ್ದ. ಆಮೇಲೆ ರೂಢಿಯಾಯಿತು.

ಕೊನೆಯ ಸಲ ಅವನನ್ನು ವಾರ್ಡಿನಲ್ಲಿ ಇಟ್ಟುಕೊಂಡರು. ಮೂಗಿಗೆ ಆಕ್ಸಿಜನ್ ನಳಿಕೆ. ಅದೇ ಡಾಕ್ಟರು ನನ್ನನ್ನು ಬದಿಗೆ ಕರೆದು ಹೇಳಿ ಹೋದರು. ನಾನು ಬಂದು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತೆ. ಅಪ್ಪ ಕಣ್ಣಿನಲ್ಲೇ ಕೇಳಿದ.

"ಈ ಸಲ ಮನಿಗೆ ಹೋಗೂದು ಆಗೂದಿಲ್ಲಂತ ಅಪ್ಪಾ," ಅಂದೆ.

"ಎಷ್ಟ ದಿನ?"

"ಎರಡ ಮೂರ ದಿನ ಅಂದಾರ."

ಅವನು ನನ್ನ ಕೈ ಹುಡುಕಿ ಹಿಡಿದುಕೊಂಡ. ಅವನ ಅಂಗೈ ಬೆಚ್ಚಗಿತ್ತು. ನಳಿಕೆಯ ಸದ್ದಿನ ನಡುವೆ, ಒಂದೊಂದೇ ಮಾತು ಬಿಡಿಸಿ ಹೇಳಿದ: "ನಿಮ್ಮವ್ವಗೂ ಹಿಂಗ ಹೇಳು. ಇವತ್ತ ಹೇಳು."

ಅವ್ವ ಕೆಳಗೆ, ದವಾಖಾನೆಯ ಬಾಗಿಲ ಬದಿಯ ಮರದ ನೆರಳಿನಲ್ಲಿ ಬುತ್ತಿ ಗಂಟು ಇಟ್ಟುಕೊಂಡು ಕೂತಿದ್ದಳು. ನಾನು ಇಳಿದು ಹೋಗಿ ಅವಳ ಮುಂದೆ ಕೂತೆ. ಮುಖ ನೋಡಿ ಹೇಳಿದೆ. ಅವಳು ಪೂರ್ತಿ ಕೇಳಿದಳು. ಆಮೇಲೆ ಗಂಟು ಎತ್ತಿಕೊಂಡು, ಸೆರಗು ಸರಿಮಾಡಿಕೊಂಡು, ಮೆಟ್ಟಿಲು ಹತ್ತತೊಡಗಿದಳು. ನಾನು ಅವಳ ಹಿಂದೆ ಹೋದೆ.